ಬುದ್ಧಿಯೋರ ಸೀಟು

ಕಾರು ಕೆಟ್ಟು ನಿಂತಿದ್ದರೆ ಪಂಚಾಕ್ಷರಪ್ಪನಿಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ. ಕೆಟ್ಟು ನಿಲ್ಲುವುದು ಕಾರಿನ ಹುಟ್ಟುಗುಣ. ಅದಕ್ಕೆ ಮದ್ದಿದೆ, ಸ್ಪ್ಯಾನರಿದೆ, ಮೆಕ್ಯಾನಿಕ್ ಲಕ್ಕಣ್ಣನಿದ್ದಾನೆ. ಆದರೆ ಗಡಿಯಾರದ ಹಾಗೆ ಓಡುವ ಕಾರು ಅಮೃತಾಪುರದಿಂದ ತರೀಕೆರೆಯ ಆರು ಮೈಲಿಗೆ ಎರಡೂವರೆ ಗಂಟೆ ತೆಗೆದುಕೊಂಡರೆ ಯಾರ ಕೊರಳಪಟ್ಟಿ ಹಿಡಿಯುವುದು? ಅವನ ಮನೆಯ ಎತ್ತಿನ ಗಾಡಿಯೇ ಎರಡು ಗಂಟೆಯಲ್ಲಿ ಹೋಗುತ್ತಿತ್ತು.

ಇದೆಲ್ಲ ಶುರುವಾದದ್ದು ಐವತ್ತೇಳನೆಯ ಇಸವಿಯ ಬೇಸಿಗೆಯಲ್ಲಿ, ಅವನ ಮಗಳು ಸರ್ವಮಂಗಳ, ಮನೆಯವರ ಬಾಯಲ್ಲಿ ಮಂಗಳ, ಮಿಡ್ಲ್ ಸ್ಕೂಲು ಪಾಸಾದಾಗ. ಸುಮ್ಮನೆ ಪಾಸಲ್ಲ, ಹುಡುಗರನ್ನೆಲ್ಲ ಹಿಂದೆ ಹಾಕಿ ಪಾಸು. ಪಂಚಾಕ್ಷರಪ್ಪ ತಾನು ನಾಲ್ಕನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟು ತೆಂಗಿನಕಾಯಿ ವ್ಯಾಪಾರಕ್ಕೆ ಇಳಿದವನು. ಮಗಳ ಮಾರ್ಕ್ಸ್ ಕಾರ್ಡನ್ನು ಜೇಬಿನಲ್ಲಿಟ್ಟುಕೊಂಡು ಕೇಳಿದವರಿಗೂ ಕೇಳದವರಿಗೂ ತೋರಿಸುತ್ತಿದ್ದ. ಮುಂದೆ ಓದಬೇಕಾದರೆ ತರೀಕೆರೆಯ ಹೈಸ್ಕೂಲೇ ಗತಿ. ಆದರೆ ಮನೆಯಲ್ಲಿ ಅವನ ತಾಯಿ ಕರಿಬಸಮ್ಮ ಇದ್ದಳು. ಅವಳ ಮಾತು ದಾಟಿ ಆ ಮನೆಯಲ್ಲಿ ಒಲೆಯೂ ಉರಿಯುತ್ತಿರಲಿಲ್ಲ.

"ಬಸ್ಸಲ್ಲಿ ಕಳ್ಸಲ್ಲ," ಎಂದಳು ಕರಿಬಸಮ್ಮ. "ಕಂಡೋರ ಮೈ ತಗುಲಿಸ್ಕೊಂಡು ಹೋಗೋದು ಬ್ಯಾಡ. ಇನ್ನೊಬ್ರ ಮನೇಲಿ ಬಿಡೋದೂ ಬ್ಯಾಡ. ಹಾಸ್ಟೆಲು ಗೀಸ್ಟೆಲು ಅಂದ್ರೆ ನಾನು ಊಟ ಬಿಡ್ತೀನಿ ನೋಡು. ಮನೆ ಬಾಗಿಲಲ್ಲಿ ಹತ್ತಿ ಇಸ್ಕೂಲು ಬಾಗಿಲಲ್ಲಿ ಇಳಿಯಂಗಿದ್ರೆ ಓದ್ಲಿ. ಇಲ್ದಿದ್ರೆ ಸಿಂಗಟಗೆರೆಯೋರು ಕೇಳ್ತಾನೇ ಅವ್ರಲ್ಲ."

ಸಿಂಗಟಗೆರೆಯವರು ಎಂದರೆ ಅವಳ ತಮ್ಮನ ಮನೆಯವರು. ಅಲ್ಲಿ ಮದುವೆ ವಯಸ್ಸಿಗೆ ಬಂದ ಹುಡುಗನೊಬ್ಬ ಇದ್ದ, ಕೆರೆ ಹಿಂದೆ ತೋಟ ಇತ್ತು. ಮಂಗಳಳಿಗೆ ಹದಿನಾಲ್ಕು ಮುಗಿದು ಹದಿನೈದು ನಡೆಯುತ್ತಿತ್ತು. ಅಜ್ಜಿಯ ಮಾತು ಕೇಳಿ ಅವಳು ಅಳಲಿಲ್ಲ, ಹಠ ಮಾಡಲಿಲ್ಲ. ಅಪ್ಪನ ಮುಖ ನೋಡಿದಳು, ಅಷ್ಟೇ. ಆ ನೋಟ ಪಂಚಾಕ್ಷರಪ್ಪನ ಬೆನ್ನು ಹತ್ತಿತು.

ಎತ್ತಿನ ಗಾಡಿ ದಿನವೂ ಕಾಯಿ ವ್ಯಾಪಾರಕ್ಕೆ ಬೇಕಿತ್ತು. ಕಾರು ಸಿಕ್ಕಿದ್ದು ಮಠದಲ್ಲಿ. ಊರಿಂದ ಎರಡು ಮೈಲಿ ಆಚೆಯ ಆ ಮಠದ ದಾಸೋಹಕ್ಕೆ ಕಾಯಿ ಒದಗಿಸುತ್ತಿದ್ದವನು ಇವನೇ. ಒಂದು ದಿನ ಕಾಯಿ ಇಳಿಸುವಾಗ ಕೊಟ್ಟಿಗೆಯ ಮೂಲೆಯಲ್ಲಿ, ರಾಗಿ ಹುಲ್ಲಿನ ಸಂದಿಯಿಂದ, ಒಂದು ಹೆಡ್‌ಲೈಟು ಇಣುಕುತ್ತಿತ್ತು. ಹುಲ್ಲು ಸರಿಸಿದರೆ ಇಡೀ ಕಾರು! ಯುದ್ಧಕ್ಕೆ ಮುಂಚೆ ಯಾರೋ ಭಕ್ತರು ದೊಡ್ಡ ಬುದ್ಧಿಯೋರಿಗೆ ಒಪ್ಪಿಸಿದ ವಿಲಾಯ್ತಿ ಕಾರು. ಮಠದ ಸ್ವಾಮಿಗಳನ್ನು ಆ ಕಡೆ ಬುದ್ಧಿಯೋರು ಎನ್ನುವುದು ವಾಡಿಕೆ. ದೊಡ್ಡ ಬುದ್ಧಿಯೋರು ಲಿಂಗೈಕ್ಯರಾಗಿ ಹತ್ತು ವರ್ಷವಾಗಿತ್ತು, ಕಾರು ಹೆಚ್ಚುಕಡಿಮೆ ಅಂದಿನಿಂದಲೂ ಹುಲ್ಲಿನ ಕೆಳಗೇ ಇತ್ತು. ಈಗ ಪಟ್ಟದಲ್ಲಿದ್ದ ಚಿಕ್ಕ ಬುದ್ಧಿಯೋರನ್ನು ಪಂಚಾಕ್ಷರಪ್ಪ ಹೆದರುತ್ತ ಹೆದರುತ್ತ ಕೇಳಿದ. ಅವರು ಒಂದು ಗಳಿಗೆಯೂ ಯೋಚಿಸಲಿಲ್ಲ. "ತಗೊಂಡ್ಹೋಗಪ್ಪಾ, ಇವತ್ತೇ ತಗೊಂಡ್ಹೋಗು" ಎಂದುಬಿಟ್ಟರು. ಅಷ್ಟು ಸಲೀಸಾಗಿ ಸಿಕ್ಕಿದ್ದಕ್ಕೆ ಇವನು ಅನುಮಾನ ಪಡಬೇಕಿತ್ತು. ಪಡಲಿಲ್ಲ.

ಎತ್ತು ಕಟ್ಟಿ ಎಳೆದು ತಂದು ಮನೆ ಮುಂದಿನ ಹುಣಸೆ ಮರದ ಕೆಳಗೆ ನಿಲ್ಲಿಸಿದ. ಲಕ್ಕವಳ್ಳಿಯಲ್ಲಿ ಅಣೆಕಟ್ಟಿನ ಮಷೀನು ರಿಪೇರಿ ಮಾಡುತ್ತಿದ್ದ ಲಕ್ಕಣ್ಣನನ್ನು ಕೈಕಾಲು ಹಿಡಿದು ಒಪ್ಪಿಸಿದ. ಲಕ್ಕಣ್ಣ ಪ್ರತಿ ಭಾನುವಾರ ಬರುವುದು, ಬಾನೆಟ್ ಎತ್ತುವುದು, ತಲೆ ಕೊಡವುವುದು. ಪೆಟ್ರೋಲ್ ಟ್ಯಾಂಕಿನಲ್ಲಿ ಇಲಿ ಗೂಡು. ವೈರನ್ನೆಲ್ಲ ಹೆಗ್ಗಣ ತಿಂದಿತ್ತು. ಎರಡು ಟೈರಿನಲ್ಲಿ ಕೈ ತೂರುವಷ್ಟು ಬಿರುಕು. ಲಾರಿಯ ಸಾಮಾನನ್ನು ಅರದಿಂದ ಉಜ್ಜಿ ಉಜ್ಜಿ ಇದಕ್ಕೆ ಹೊಂದಿಸಿದರು. ತಾಮ್ರದ ತಗಡು ಕತ್ತರಿಸಿ ಗ್ಯಾಸ್ಕೆಟ್ ಮಾಡಿದರು. ಕಡೆಗೆ ಉಳಿದದ್ದು ಸೋರುವ ರೇಡಿಯೇಟರು.

"ಕೋಳಿಮೊಟ್ಟೆ ಒಡೆದು ಹಾಕಿದ್ರೆ ಸೋರೋದು ನಿಂತೋಯ್ತದೆ," ಎಂದ ಲಕ್ಕಣ್ಣ.

"ಮೊಟ್ಟೆಯಾ? ನಮ್ಮವ್ವಗೆ ಗೊತ್ತಾದ್ರೆ ಕಾರಿನ ಜೊತೆ ನನ್ನೂ ಊರಾಚೆ ಹಾಕ್ತಾಳೆ ಕಣೋ!"

"ಹಂಗಾದ್ರೆ ಅರಿಶಿನದ ಪುಡಿ ತನ್ನಿ."

ಪಂಚಾಕ್ಷರಪ್ಪನ ಹೆಂಡತಿ ಮಲ್ಲಿಕಾಂಬ ಅರಿಶಿನದ ಡಬ್ಬ ತಂದು ಇವನ ಕೈಗೆ ಕುಕ್ಕಿದಳು. "ವರ್ಷದ ಅರಿಶಿನ ಕಣ್ರೀ. ಇನ್ನು ಸಾರಿಗೆ ಗ್ರೀಸ್ ಹಾಕ್ಲಾ?" ಎಂದಳು. ಅರಿಶಿನ ಕುಡಿದು ಸೋರುವುದು ನಿಂತಿತು. ಆದರೂ ಕಾರು ಸ್ಟಾರ್ಟ್ ಆಗಲಿಲ್ಲ. ಕಾರಿನ ಮೂತಿಗೆ ಹ್ಯಾಂಡಲು ತೂರಿಸಿ ತಿರುಗಿಸಿ ತಿರುಗಿಸಿ ಪಂಚಾಕ್ಷರಪ್ಪನ ರಟ್ಟೆ ಬಾತುಕೊಂಡಿತು. ಸ್ಕೂಲು ಶುರುವಾಗಲು ನಾಲ್ಕು ದಿನ ಇದೆ ಎನ್ನುವಾಗ ಅದು ಕೆಮ್ಮಿ, ಕರೀ ಹೊಗೆ ಕಾರಿ, ಗುಡುಗಿತು. ಮಂಗಳ ಓಡಿ ಬಂದು ಬಿಸಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟಳು.

ಆಗಲಾದರೂ ಅವನು ಬಾಯಿ ಮುಚ್ಚಿಕೊಂಡು ಇರಬೇಕಿತ್ತು. ಕರಿಬಸಮ್ಮ ಬಾಗಿಲಲ್ಲಿ ನಿಂತು, "ಇದೇನೋ ಇದು, ಹೊಟ್ಟೇಲಿ ಬೆಂಕಿ ಇಟ್ಕೊಂಡು ಗುರ್ ಅಂತದೆ. ಇದ್ರೊಳಗೆ ಮಗೀನ ಕೂರಿಸ್ತೀಯಾ?" ಎಂದಳು. ಇವನು ಗೆಲುವಿನ ಹುಮ್ಮಸ್ಸಿನಲ್ಲಿ, "ಅವ್ವಾ, ಇದು ಅಂಥಿಂಥ ಕಾರಲ್ಲ ಕಣವ್ವ. ದೊಡ್ಡ ಬುದ್ಧಿಯೋರು ಕೂತ ಕಾರು. ಅವರು ಕೂತ ಜಾಗದಲ್ಲಿ ಮಗೀಗೆ ಏನಾದೀತು?" ಎಂದುಬಿಟ್ಟ.

ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು. ಕರಿಬಸಮ್ಮನ ಮುಖ ಬದಲಾಯಿತು. ಮೆಟ್ಟಿಲಿಳಿದು ಬಂದು ಹಿಂದಿನ ಬಾಗಿಲು ತೆಗೆಸಿದಳು. ಹಿಂದಿನ ಸೀಟನ್ನು ನೋಡಿದಳು. ಸೆರಗು ಹೊದ್ದು ಕೈ ಮುಗಿದಳು. "ಅಯ್ಯೋ ಶಿವನೇ, ಬುದ್ಧಿಯೋರ ಗದ್ದುಗೆ ನಮ್ಮ ಮನೆ ಬಾಗಿಲಿಗೆ ಬಂದದಲ್ಲೋ!"

ಸಂಜೆಯೊಳಗೆ ಹಿಂದಿನ ಸೀಟಿಗೆ ಮಡಿಬಟ್ಟೆ ಹಾಸಿದ್ದಾಯಿತು. ದೇವರ ಕೋಣೆಯಲ್ಲಿದ್ದ ದೊಡ್ಡ ಬುದ್ಧಿಯೋರ ಫೋಟೋ ಬಂದು ಅಲ್ಲಿ ಕೂತಿತು. ಹೂವಿನ ಹಾರ, ವಿಭೂತಿ, ಊದುಬತ್ತಿ. "ಇಲ್ಲಿ ಯಾರೂ ಕೂರಂಗಿಲ್ಲ," ಎಂದಳು ಕರಿಬಸಮ್ಮ. ಐದು ಜನ ಕೂರುವ ಕಾರಿನಲ್ಲಿ ಉಳಿದದ್ದು ಡ್ರೈವರಿನದೊಂದು, ಪಕ್ಕದ್ದೊಂದು. ಮಲ್ಲಿಕಾಂಬ ಸಂತೆಗೆ ಕಾರಿನಲ್ಲಿ ಹೋಗುವ ಆಸೆಯನ್ನು ಅಂದೇ ಬಿಟ್ಟಳು. ಆದರೂ ಮಂಗಳಳಿಗೆ ಒಂದು ಜಾಗ ಸಿಕ್ಕಿತಲ್ಲ, ಸಾಕು ಎಂದುಕೊಂಡ ಪಂಚಾಕ್ಷರಪ್ಪ.

ಮೊದಲ ದಿನ, ಲಕ್ಕಣ್ಣ ಕಲಿಸಿದಷ್ಟು ಡ್ರೈವಿಂಗ್ ನಂಬಿಕೊಂಡು, ಒಂಬತ್ತಕ್ಕೆ ಹೊರಟರು. ಹತ್ತೂವರೆಗೆ ಹಾಜರಿ, ಅರ್ಧ ಗಂಟೆಯ ದಾರಿ. ದಾರಿಯಲ್ಲಿ ಮೂರು ಹಳ್ಳಿ. ಸುದ್ದಿ ಇವರಿಗಿಂತ ಮುಂದೆ ಹೋಗಿತ್ತು. ಮೊದಲ ಹಳ್ಳಿಯಲ್ಲಿ ಹೆಂಗಸರು ಕೊಡ ಹಿಡಿದು ನಿಂತಿದ್ದರು, ನಾಲ್ಕೂ ಚಕ್ರಕ್ಕೆ ನೀರು ಹಾಕಿದರು. ಎರಡನೆಯದರಲ್ಲಿ ಕಾಯಿ ಒಡೆದರು. ರಚ್ಚೆ ಹಿಡಿಯುವ ಕೂಸೊಂದನ್ನು ತಂದು ಕಾರಿನ ಕೆಳಗೆ ಈ ಕಡೆಯಿಂದ ಆ ಕಡೆಗೆ ಮೂರು ಸಲ ನುಸುಳಿಸಿದರು. ಮೂರನೆಯದು ಬಸವನಕಟ್ಟೆ. ಅಲ್ಲಿಯ ಪಟೇಲ ದೇವೀರಪ್ಪ ತಾನೇ ಆರತಿ ತಟ್ಟೆ ಹಿಡಿದು, ಪೇಟ ಸುತ್ತಿ, ಇಪ್ಪತ್ತು ಜನರೊಂದಿಗೆ ನಿಂತಿದ್ದ. ಕಾಯಿ ಮಾರುವ ಪಂಚಾಕ್ಷರಪ್ಪನನ್ನು ಅದುವರೆಗೆ ಜಗುಲಿಯ ಮೇಲೆ ಕೂರಿಸದ ಮನುಷ್ಯ ಅಂದು, "ಬನ್ನಿ ಪಂಚಾಕ್ಷರಪ್ಪನೋರೇ" ಎಂದು ಕೈ ಮುಗಿದ. ಆರತಿ, ಮಂಗಳಾರತಿ, ಒಬ್ಬಟ್ಟು, ಹಾಲು. ತರೀಕೆರೆ ಸೇರಿದಾಗ ಹನ್ನೊಂದೂವರೆ. ಹಾಜರಿ ಮುಗಿದು ಹೋಗಿತ್ತು. ಮಂಗಳಳ ಹೆಸರಿನ ಮುಂದೆ ಗೈರುಹಾಜರಿ ಬಿದ್ದಿತ್ತು.

ಒಂದು ದಿನದ ಸಂಭ್ರಮ, ನಾಳೆಗೆ ತಣ್ಣಗಾಗುತ್ತದೆ ಎಂದುಕೊಂಡ. ಎಲ್ಲಿಯ ತಣ್ಣಗೆ! ಎರಡನೇ ದಿನ ಹರಕೆಯವರು ಬಂದರು. ಮೂರನೇ ದಿನ ಹಾಲು ಬತ್ತಿದ ಎಮ್ಮೆ ಬಂತು. ಎಂಟಕ್ಕೆ ಹೊರಟರೂ ಅಷ್ಟೇ, ಏಳಕ್ಕೆ ಹೊರಟರೂ ಅಷ್ಟೇ. ಬೇಗ ಹೊರಟರೆ ಬುದ್ಧಿಯೋರಿಗೆ ತಿಂಡಿ ಆಗಿರುವುದಿಲ್ಲ ಎಂದು ಫೋಟೋ ಮುಂದೆ ಉಪ್ಪಿಟ್ಟು ಇಡುತ್ತಿದ್ದರು. ಬೇಸಿಗೆಯೆಲ್ಲ ಪಟ್ಟ ಪಾಡು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು. ಎರಡನೇ ವಾರದ ಶುಕ್ರವಾರ ಹೆಡ್ಮಾಸ್ಟರು ಕರೆಸಿ, "ನೋಡ್ರೀ, ಹುಡುಗಿ ಚುರುಕು ನಿಜ. ಆದರೆ ಹತ್ತು ದಿನದಲ್ಲಿ ಒಂದು ಹಾಜರಿ ಇಲ್ಲ. ಸೋಮವಾರ ಹತ್ತೂವರೆಗೆ ಕ್ಲಾಸಲ್ಲಿ ಇರದಿದ್ದರೆ ಹೆಸರು ಹೊಡೆದು ಬೇರೆಯವರನ್ನ ತಗೋತೀವಿ" ಎಂದರು.

ಶನಿವಾರ ಪಂಚಾಕ್ಷರಪ್ಪ ಮಠಕ್ಕೆ ಓಡಿದ. ಚಿಕ್ಕ ಬುದ್ಧಿಯೋರ ಕಾಲಿಗೆ ಬಿದ್ದು, "ಇದು ಬರೀ ಕಾರು, ಗದ್ದುಗೆ ಅಲ್ಲ ಅಂತ ತಾವು ಒಂದು ಮಾತು ಹೇಳಿಬಿಡಬೇಕು ಬುದ್ಧಿ" ಎಂದ.

ಚಿಕ್ಕ ಬುದ್ಧಿಯೋರು ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಸಣ್ಣಗೆ ನಕ್ಕರು. "ನಾವು ಹೇಳಿದ್ರೆ ಯಾರು ಕೇಳ್ತಾರಪ್ಪಾ? ನಾವು ಪಟ್ಟಕ್ಕೆ ಬಂದ ಹೊಸದರಲ್ಲಿ ಅದರಲ್ಲಿ ಕೂತು ಕಡೂರಿಗೆ ಹೊರಟಿದ್ವಿ. ದೊಡ್ಡೋರ ಸೀಟಿನ ಮೇಲೆ ಕೂತ್ರಲ್ಲ ಅಂತ ಭಕ್ತರು ಮುಖ ಗಂಟಿಕ್ಕಿಕೊಂಡ್ರು. ಅವತ್ತೇ ಇಳಿದು ಹುಲ್ಲು ಮುಚ್ಚಿಸಿದ್ವಿ. ನೀನು ಕೇಳಿದಾಗ ಪೀಡೆ ತೊಲಗಿತು ಅನ್ನಿಸ್ತು ನಮಗೆ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿ ವರ ಕೊಟ್ಟು ಒಳಗೊಳಗೇ ನಕ್ಕಿದ್ದ. ಪಂಚಾಕ್ಷರಪ್ಪನಿಗೆ ರೋಷ ಉಕ್ಕಿತು. ಪೀಡೆ ಎಂದು ಗೊತ್ತಿದ್ದೂ ತಲೆಗೆ ಕಟ್ಟಿದ ಇವರ ಮೇಲೆ ಕೂಗಾಡುವಂತಿಲ್ಲ, ವಿಭೂತಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡು ಬರಬೇಕು. ಹಾಗೇ ಬಂದ.

ಬರುವ ದಾರಿಯಲ್ಲಿ ಅವನಿಗೆ ಉಪಾಯ ಹೊಳೆಯಿತು. ಉಪಾಯ ಎಂದರೆ ಸುಳ್ಳು. ಭಾನುವಾರ ಸೈಕಲ್ ಹತ್ತಿ ಮೂರೂ ಹಳ್ಳಿಗೆ ಹೋಗಿ, "ಕಾರಿಗೆ ಬ್ರೇಕ್ ಹೋಗಿದೆ ಕಣ್ರಪ್ಪಾ, ಹಿಡಿದರೂ ನಿಲ್ಲಲ್ಲ. ನಾಳೆ ಯಾರೂ ಅಡ್ಡ ಬರಬೇಡಿ, ದೂರದಿಂದಲೇ ಕೈ ಮುಗೀರಿ" ಎಂದು ಸಾರಿ ಬಂದ. ಮನೆಗೆ ಬಂದು ಚೆನ್ನಾಗಿ ಊಟ ಮಾಡಿ ಮಲಗಿದ.

ಸೋಮವಾರ ಬೆಳಿಗ್ಗೆ ಅವನು ಹೊರಗೆ ಬರುವ ಹೊತ್ತಿಗೆ ಕರಿಬಸಮ್ಮ ಕಾರಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು. ಹಾಲಿನವಳು ಸುದ್ದಿ ತಂದಿದ್ದಳು.

"ಬಿರೇಕು ಇಲ್ದಿರೋ ಗಾಡಿಗೆ ನನ್ನ ಮೊಮ್ಮಗಳನ್ನ ಹತ್ತಿಸ್ತೀಯೇನೋ ಪಾಪಿ?"

"ಬ್ರೇಕ್ ಅದೆ ಕಣವ್ವಾ! ಸುಮ್ನೆ ಹಂಗಂದೆ!"

"ಮೂರು ಊರಿಗೆ ಸುಳ್ಳು ಹೇಳಿದ್ಯಾ, ಇಲ್ಲ ನನಗೆ ಸುಳ್ಳು ಹೇಳ್ತಿದ್ದೀಯಾ? ಒಂದು ಮಾತು ಹೇಳ್ತೀನಿ ಕೇಳು. ಸಿಂಗಟಗೆರೆಯೋರು ಮಧ್ಯಾಹ್ನ ಬತ್ತಾರೆ, ನಾನೇ ಹೇಳಿ ಕಳ್ಸಿದ್ದೀನಿ. ಹುಡುಗಿ ಮನೇಲಿರ್ಲಿ."

ಪಂಚಾಕ್ಷರಪ್ಪನಿಗೆ ತಲೆ ಕೆಟ್ಟುಹೋಯಿತು. ಕೈಯಲ್ಲಿದ್ದ ಹ್ಯಾಂಡಲನ್ನು ನೆಲಕ್ಕೆ ಎಸೆದ. "ಏನು ಮಾಡ್ಲಿ ನಾನು? ಹೆಗ್ಗಣ ತಿಂದ ವೈರು ಕಟ್ಟಿದೆ. ಅರಿಶಿನ ಕುಡಿಸ್ದೆ. ಮಠಕ್ಕೆ ಹೋದೆ. ಸುಳ್ಳು ಹೇಳ್ದೆ. ಜನ ಅಡ್ಡ ನಿಂತು ನಿಲ್ಲಿಸಿದ್ರೆ ನಾನೇನು ಅವರ ಮೇಲೆ ಹತ್ತಿಸ್ಲಾ?"

"ಅವರು ಅಡ್ಡ ನಿಲ್ಲಲ್ಲ ಅಪ್ಪಾ," ಎಂದಳು ಮಂಗಳ.

ಚೀಲ ಹೆಗಲಿಗೆ ಹಾಕಿಕೊಂಡು ಅವಳು ಬಾಗಿಲಲ್ಲಿ ನಿಂತಿದ್ದಳು. ದನಿ ಏರಿಸಲಿಲ್ಲ.

"ಅವರು ದಾರಿ ಪಕ್ಕ ನಿಂತಿರ್ತಾರೆ. ಕಾರು ನಿಲ್ಸೋನು ನೀನು. ನೀನು ಇಳೀತೀಯಾ. ಬುದ್ಧಿಯೋರಿಗೆ ಕೈ ಮುಗಿದ ಮೇಲೆ ಅವರು ನಿನಗೂ ಮುಗೀತಾರೆ. ಬಸವನಕಟ್ಟೇಲಿ ಪಟೇಲರು ಕೂರಿಸಿದ್ರೆ ನೀನು ಏಳೋದೇ ಇಲ್ಲ. ನಾನು ಕಾರಲ್ಲಿ ಕೂತು ಬಿಸಿಲು ಎಲ್ಲಿಗೆ ಬಂತು ಅಂತ ನೋಡ್ತಾ ಇರ್ತೀನಿ."

ಇಷ್ಟು ಹೇಳಿ ಅವಳು ಮೆಟ್ಟಿಲಿಳಿದು ನಡೆದೇಬಿಟ್ಟಳು. ತರೀಕೆರೆ ಕಡೆಗೆ, ಕಾಲುನಡಿಗೆಯಲ್ಲಿ. ಕರಿಬಸಮ್ಮ, "ಲೇ ಮಂಗಳಾ! ನಿಲ್ಲೇ! ಒಬ್ಬಳೇ ಆರು ಮೈಲಿ ಹೋಗ್ತೀಯೇನೇ!" ಎಂದು ಕೂಗಿದಳು. ಹುಡುಗಿ ತಿರುಗಿ ನೋಡಲಿಲ್ಲ. ಮುದುಕಿ ಮೆಟ್ಟು ಹಾಕಿಕೊಳ್ಳದೆ, ಸೆರಗು ಬಿಗಿದು, ಅವಳ ಹಿಂದೆ ಹೊರಟಳು.

ಪಂಚಾಕ್ಷರಪ್ಪ ಮರದ ಕೆಳಗೆ ನಿಂತೇ ಇದ್ದ. ಮಗಳ ಮಾತು ಸುಳ್ಳಾಗಿದ್ದರೆ ಸಿಟ್ಟು ಮಾಡಬಹುದಿತ್ತು. ದೇವೀರಪ್ಪನ ಜಗುಲಿ, ಆ ಒಬ್ಬಟ್ಟು, ಆ 'ಪಂಚಾಕ್ಷರಪ್ಪನೋರೇ' ಎಲ್ಲ ನೆನಪಾಗಿ ಅವನ ಕಿವಿ ಬಿಸಿಯಾಯಿತು. ನಾಚಿಕೆಯಾಯಿತು. ಮಲ್ಲಿಕಾಂಬ ಒಳಗಿನಿಂದ ಬಂದು, ಬಿದ್ದಿದ್ದ ಹ್ಯಾಂಡಲನ್ನು ಎತ್ತಿ ಅವನ ಕೈಗೆ ಕೊಟ್ಟಳು.

ಕಾರು ಅವತ್ತೇ ಮುನಿಯಬೇಕೇ! ಹತ್ತು ಸಲ ತಿರುಗಿಸಿದ, ಹದಿನೈದು ಸಲ ತಿರುಗಿಸಿದ. ಕೆಮ್ಮಿ ಕೆಮ್ಮಿ ಸುಮ್ಮನಾಗುತ್ತಿತ್ತು. ಪ್ಲಗ್ಗು ಬಿಚ್ಚಿ ಪಂಚೆಯ ತುದಿಯಲ್ಲಿ ಒರೆಸಿ ಹಾಕಿದ. ಬಾಯಿಗೆ ಬಂದದ್ದು ಬೈದ, ಆಮೇಲೆ ಹಿಂದಿನ ಸೀಟಿನ ಕಡೆ ನೋಡಿ ಗಲ್ಲ ಬಡಿದುಕೊಂಡ. ಒಂಬತ್ತೂಮುಕ್ಕಾಲಿಗೆ ಅದು ಗುಡುಗಿತು.

ಅವರಿಬ್ಬರು ಸಿಕ್ಕಿದ್ದು ಸುಮಾರು ಎರಡು ಮೈಲಿ ಆಚೆ, ಮೊದಲ ಹಳ್ಳಿಯ ಕೆರೆ ಏರಿಯ ಮೇಲೆ. ಒಟ್ಟಿಗೆ ನಡೆಯುತ್ತಿದ್ದರು. ಮಂಗಳಳ ಚೀಲ ಅಜ್ಜಿಯ ಹೆಗಲಿನ ಮೇಲಿತ್ತು. ಆ ಎರಡು ಮೈಲಿಯಲ್ಲಿ ಅವರು ಏನು ಮಾತಾಡಿಕೊಂಡರೋ ಪಂಚಾಕ್ಷರಪ್ಪನಿಗೆ ಎಂದೂ ತಿಳಿಯಲಿಲ್ಲ. ಕಾರು ಪಕ್ಕಕ್ಕೆ ಬಂದಾಗ ಮಂಗಳ ಹಿಂದಿನ ಬಾಗಿಲು ತೆಗೆದಳು. ಫೋಟೋವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹಿಂದಿನ ಸೀಟಿನಲ್ಲೇ ಕೂತಳು. ಕರಿಬಸಮ್ಮ ಬಾಯಿ ತೆರೆದಳು. ಅವಳ ಪಾದದ ಬೆರಳು ಎಡವಿ ರಕ್ತ ಬಂದಿತ್ತು. ತೆರೆದ ಬಾಯಿ ಮುಚ್ಚಿ, ಮೊಣಕಾಲು ಹಿಡಿದುಕೊಂಡು ಹತ್ತಿ, ಮಡಿಬಟ್ಟೆಯ ಮೇಲೆ ಮೊಮ್ಮಗಳ ಪಕ್ಕ ಕೂತಳು.

"ಸಿಂಗಟಗೆರೆಯೋರು ಮಧ್ಯಾಹ್ನ ಬತ್ತಾರಲ್ಲವ್ವಾ," ಎಂದ ಪಂಚಾಕ್ಷರಪ್ಪ.

"ಬರ್ಲಿ. ಮಲ್ಲಿ ಮಜ್ಜಿಗೆ ಕೊಟ್ಟು ಕಳಿಸ್ತಾಳೆ." ಬೆರಳಿನ ರಕ್ತವನ್ನು ಸೆರಗಿನ ತುದಿಯಲ್ಲಿ ಒರೆಸಿಕೊಳ್ಳುತ್ತ ಕೇಳಿದಳು, "ನಿಜ ಹೇಳು. ಬಿರೇಕು ಅದಾ?"

"ಅದೆ ಕಣವ್ವಾ. ನಿನ್ನಾಣೆ."

"ಅದೆ ಅಂದ್ರೆ, ಅದನ್ನ ಒತ್ತಬ್ಯಾಡ."

ಮೊದಲ ಹಳ್ಳಿಯಲ್ಲಿ, ಎರಡನೆಯದರಲ್ಲಿ, ಸುಳ್ಳು ಕೆಲಸ ಮಾಡಿತ್ತು. ಜನ ದೂರ ನಿಂತು ಕೈ ಮುಗಿದರು. ಬಸವನಕಟ್ಟೆಯಲ್ಲಿ ದೇವೀರಪ್ಪ ಮಾತ್ರ ಎಂದಿನ ಹಾಗೆ ಪೇಟ ಸುತ್ತಿ, ಆರತಿ ತಟ್ಟೆ ಹಿಡಿದು, ರಸ್ತೆಯ ಅಂಚಿನಲ್ಲಿ ನಿಂತಿದ್ದ. ಬುದ್ಧಿಯೋರ ಕಾರು ತನಗೆ ನಿಲ್ಲದೆ ಹೋದೀತೇ ಎಂಬ ಧೈರ್ಯ. ಪಂಚಾಕ್ಷರಪ್ಪನ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಯಿತು. ಮಗಳು ಬಿಸಿಲು ನೋಡುತ್ತಿರಬೇಕು ಎನ್ನಿಸಿತು ಅವನಿಗೆ. ಕಾಲು ತೆಗೆದ. ಹಾರನ್ನಿನ ರಬ್ಬರು ಗುಂಡು ಅವನ ಮುಷ್ಟಿಯಲ್ಲಿ ಅಮುಕಿಕೊಂಡಿತು. ದೇವೀರಪ್ಪ ಬೇಲಿಯ ಕಡೆಗೆ ಹಾರಿದ, ತಟ್ಟೆ ಠಣಠಣ ಉರುಳಿದ ಸದ್ದು ಹಿಂದೆ ಉಳಿಯಿತು. ಇನ್ನು ಆ ಜಗುಲಿಯ ಮೇಲೆ ಪಂಚಾಕ್ಷರಪ್ಪನಿಗೆ ಈ ಜನ್ಮದಲ್ಲಿ ಜಾಗವಿಲ್ಲ. "ತಪ್ಪಾಯ್ತು ಬುದ್ಧಿ" ಎಂದು ಗೊಣಗಿದ. ಯಾವ ಬುದ್ಧಿಯೋರಿಗೆ ಹೇಳಿದನೋ ಅವನಿಗೇ ಗೊತ್ತಿಲ್ಲ.

ಸ್ಕೂಲಿನ ಬಾಗಿಲಲ್ಲಿ ನಿಲ್ಲಿಸಿದಾಗ ಗಂಟೆ ಹೊಡೆಯುತ್ತಿತ್ತು. ಮಂಗಳ ಫೋಟೋವನ್ನು ಅಜ್ಜಿಯ ಮಡಿಲಿಗೆ ಇಟ್ಟು, ಚೀಲ ಎಳೆದುಕೊಂಡು ಓಡಿದಳು. ಪಂಚಾಕ್ಷರಪ್ಪ ಇಂಜಿನ್ ಆರಿಸಿದ. ಆರಿಸಿದರೆ ಮತ್ತೆ ಸ್ಟಾರ್ಟ್ ಆಗುವುದು ಅನುಮಾನ, ಆದರೂ ಆರಿಸಿದ. ಕಿಟಕಿಯಿಂದ ಮೇಷ್ಟರು ಹೆಸರು ಕೂಗುವುದು ಒಂದೊಂದಾಗಿ ಕೇಳುತ್ತಿತ್ತು. ಎಲ್ಲ ಹುಡುಗರ ಹೆಸರೇ. ಅವನು ಸ್ಟೀರಿಂಗ್ ಹಿಡಿದುಕೊಂಡೇ ಕೂತಿದ್ದ. ಹಿಂದೆ ಕರಿಬಸಮ್ಮನೂ ಉಸಿರು ಬಿಗಿಹಿಡಿದಿದ್ದಳು.

"ಪಿ. ಸರ್ವಮಂಗಳ."

"ಹಾಜರ್ ಸಾರ್!"

ಓಡಿದ ಏದುಸಿರು ಇನ್ನೂ ಆ ದನಿಯಲ್ಲಿತ್ತು. ಪಂಚಾಕ್ಷರಪ್ಪ ಸ್ಟೀರಿಂಗಿನ ಮೇಲೆ ಹಣೆ ಇಟ್ಟ.

"ಅತ್ತಿದ್ದು ಸಾಕು," ಎಂದಳು ತಾಯಿ ಹಿಂದಿನ ಸೀಟಿನಿಂದ. "ನಾಳೆ ಒಂದು ದಿಂಬು ತತ್ತೀನಿ. ಬುದ್ಧಿಯೋರು ಹೆಂಗೆ ಕೂರ್ತಿದ್ರೋ ಇದರ ಮೇಲೆ, ಸ್ಪ್ರಿಂಗು ಚುಚ್ತದೆ."